ಮೇಲಿನ ಹುಲಿ, ಕೆಳಗಿನ ಹುಲಿ

ನಾಡೀನ್ ವೇರ್ ವಿಲೋಫರ್ಡಿನ ಕನ್ನಡಕದ ಅಂಗಡಿಗೆ ಕೆಲಸಕ್ಕೆ ಸೇರಿದಾಗ ಅವಳಿಗೆ ಇನ್ನೂ ಮದುವೆಯಾಗಿರಲಿಲ್ಲ. ಈಗ ಅವಳಿಗೆ ಅರವತ್ತಾರು ತುಂಬಿತ್ತು. ಇಷ್ಟರಲ್ಲಿ ಇಬ್ಬರು ಮಾಲೀಕರು ಬದಲಾಗಿದ್ದರು, ಅಂಗಡಿಯ ಹೆಸರೂ ಬದಲಾಗಿತ್ತು. ಊರಿನ ಜನ ಮಾತ್ರ ಕನ್ನಡಕ ಸಡಿಲವಾದರೆ ‘ನಾಡೀನ್ ಹತ್ರ ಹೋಗಿ ಬರ್ತೀನಿ’ ಎಂದೇ ಹೇಳುತ್ತಿದ್ದರು. ಮೂಗಿನ ಮೇಲೆ ನಿಲ್ಲದ ಕನ್ನಡಕವನ್ನು ಅವಳು ಬಿಸಿ ಮರಳಿನ ತಟ್ಟೆಯಲ್ಲಿ ಹೂತು, ಕಡ್ಡಿ ಮೆತ್ತಗಾದ ಮೇಲೆ ಹದವಾಗಿ ಬಗ್ಗಿಸಿ, ಗಿರಾಕಿಯ ಕಿವಿಯ ಹಿಂದೆ ಒಂದು ಬೆರಳಿಟ್ಟು ನೋಡಿ, ‘ಈಗ ತಲೆ ಅಲ್ಲಾಡಿಸಿ’ ಎನ್ನುತ್ತಿದ್ದಳು. ಕನ್ನಡಕ ಅಲ್ಲಾಡದಿದ್ದರೆ ಮುಗಿಯಿತು. ಹೊಗಳಿಕೆಗಾಗಿ ಅವಳು ಕಾಯುತ್ತಿರಲಿಲ್ಲ.

ಊರಿನಲ್ಲಿ ಅವಳಿಗೆ ಇನ್ನೊಂದು ಅಧಿಕಾರವೂ ಇತ್ತು. ಮಾರ್ಚ್ ತಿಂಗಳಲ್ಲಿ ಕಾಲೇಜುಗಳ ಬ್ಯಾಸ್ಕೆಟ್‌ಬಾಲ್ ಪಂದ್ಯಾವಳಿ ಬಂತೆಂದರೆ ಇಂಡಿಯಾನಾ ರಾಜ್ಯದವರೆಲ್ಲ ಮೈಮೇಲೆ ದೇವರು ಬಂದವರಂತೆ ಆಡುತ್ತಾರೆ. ಅರವತ್ತನಾಲ್ಕು ತಂಡಗಳು, ಸೋತವರು ಮನೆಗೆ, ಗೆದ್ದವರು ಮುಂದಿನ ಸುತ್ತಿಗೆ, ಕೊನೆಗೆ ಉಳಿಯುವುದು ಒಂದೇ ತಂಡ. ಹಳ್ಳಗಳು ಸೇರುತ್ತ ಸೇರುತ್ತ ನದಿಯಾಗುವಂತೆ ಗೆರೆ ಎಳೆದ ಒಂದು ಹಾಳೆ ಇರುತ್ತದೆ. ಅದಕ್ಕೆ ಬ್ರಾಕೆಟ್ ಎಂದು ಹೆಸರು. ಮೊದಲ ಪಂದ್ಯ ಶುರುವಾಗುವ ಮೊದಲೇ ಯಾವ ಪಂದ್ಯವನ್ನು ಯಾರು ಗೆಲ್ಲುವರೆಂದು ಊಹಿಸಿ ಅದರ ಮನೆಗಳನ್ನೆಲ್ಲ ತುಂಬಿ ಕೊಡಬೇಕು. ಯಾರ ಊಹೆ ಹೆಚ್ಚು ನಿಜವಾಗುತ್ತದೋ ಅವರು ಗೆದ್ದಂತೆ. ವಿಲೋಫರ್ಡಿನಲ್ಲಿ ಈ ಪಂಥವನ್ನು ನಡೆಸುತ್ತಿದ್ದವಳು ನಾಡೀನ್. ಹಾಳೆಗಳನ್ನು ಅಂಗಡಿಯ ಕಟ್ಟೆಯ ಮೇಲಿದ್ದ ರಟ್ಟಿನ ಪೆಟ್ಟಿಗೆಯೊಳಗೆ ಹಾಕಬೇಕಾಗಿತ್ತು.

ಪಂಥಕ್ಕೆ ಇಡುತ್ತಿದ್ದದ್ದು ವೈನ್. ಮೊದಮೊದಲು ಪೀಠೋಪಕರಣದ ಕಾರ್ಖಾನೆಯಲ್ಲಿ ಜನ ದುಡ್ಡನ್ನೇ ಕಟ್ಟುತ್ತಿದ್ದರು. ಪಂದ್ಯಾವಳಿ ಬರುವುದು ಈಸ್ಟರಿಗೆ ಮುಂಚಿನ ವ್ರತದ ದಿನಗಳಲ್ಲಿ. ವ್ರತ ಹಿಡಿದವರು ಜೂಜಾಡುವುದೇ ಎಂದು ಅಂದಿನ ಪಾದ್ರಿಗಳು ಒಂದು ಭಾನುವಾರ ಹೆಸರು ಹೇಳದೆ, ಆದರೆ ಎಲ್ಲರಿಗೂ ಗೊತ್ತಾಗುವ ಹಾಗೆ, ಗದರಿಸಿದರು. ಆಗ ನಾಡೀನ್ ಮುಂದೆ ಬಂದು, ದುಡ್ಡು ಬೇಡ, ಒಬ್ಬೊಬ್ಬರು ಒಂದೊಂದು ಬಾಟಲಿ ವೈನ್ ಇಡೋಣ, ಗೆದ್ದವರು ಎಲ್ಲವನ್ನೂ ತೆಗೆದುಕೊಂಡು ಹೋಗಲಿ, ಆದರೆ ಈಸ್ಟರ್ ಆಗುವ ತನಕ ಒಂದರ ಬಿರಡೆಯನ್ನೂ ತೆಗೆಯಬಾರದು ಎಂದಳು. ಜರ್ಮನ್ ಮೂಲದ ಕ್ಯಾಥೋಲಿಕರ ಊರು ಅದು. ವೈನನ್ನು ಯಾರು ಪಾಪ ಎಂದಾರು? ಪಾದ್ರಿಗಳೂ ಮರು ವರ್ಷದಿಂದ ಒಂದು ಹಾಳೆ ತುಂಬತೊಡಗಿದರು.

ನಿಯಮಗಳು ನಾಡೀನಳವು. ಒಬ್ಬರಿಗೆ ಒಂದೇ ಹಾಳೆ. ಪೆನ್ನಿನಲ್ಲೇ ಬರೆಯಬೇಕು. ಒಂದು ಮನೆಯೂ ಖಾಲಿ ಇರಬಾರದು. ಗುರುವಾರ ಮಧ್ಯಾಹ್ನ ಪಂದ್ಯ ಶುರುವಾಗುವ ಮೊದಲು ಪೆಟ್ಟಿಗೆಗೆ ಬಿದ್ದಿರಬೇಕು. ಒಮ್ಮೆ ಈಗಿನ ಪಾದ್ರಿ ಫಾದರ್ ಲಿಯೋ ಅವಸರದಲ್ಲಿ ಒಂದು ಮನೆ ಬಿಟ್ಟು ಕೊಟ್ಟಾಗ ಅವಳು ಆ ಹಾಳೆಯನ್ನು ಹಿಂದಕ್ಕೆ ಚಾಚಿದಳು. ಅವರು ನಗುತ್ತ, ನಾನು ದಿನಾ ಎಷ್ಟು ಜನರ ತಪ್ಪು ಮನ್ನಿಸುತ್ತೇನೆ, ನೀನು ಇದೊಂದನ್ನು ಮನ್ನಿಸಲಾರೆಯಾ ಎಂದು ಕೇಳಿದ್ದಕ್ಕೆ ನಾಡೀನ್, ‘ಅದು ನಿಮ್ಮ ಇಲಾಖೆ ಫಾದರ್, ಇದು ನಂದು’ ಎಂದಿದ್ದಳು. ಈ ಮಾತು ಊರೆಲ್ಲ ತಿರುಗಾಡಿತು.

ಅವಳ ಗಂಡ ಕ್ಲೀಟಸ್. ಎಲ್ಲರ ಬಾಯಲ್ಲಿ ಕ್ಲೀಟ್. ಕಾರ್ಖಾನೆಯಲ್ಲಿ ಮೇಜು ಕುರ್ಚಿಗಳಿಗೆ ವಾರ್ನಿಷ್ ಬಳಿಯುವ ಕೆಲಸ. ಗಿಡ್ಡ ಆಳು, ಮಿತಭಾಷಿ. ಕೊಟ್ಟಿಗೆಯ ಗೋಡೆಗೂ ಬ್ಯಾಸ್ಕೆಟ್‌ಬಾಲಿನ ಬಳೆ ಹೊಡೆದಿರುವ ಆ ಸೀಮೆಯಲ್ಲಿ ಹುಟ್ಟಿ ಬೆಳೆದೂ ಅವನಿಗೆ ಆ ಆಟದ ತಲೆಬುಡ ತಿಳಿದಿರಲಿಲ್ಲ. ಅವನು ತಂಡಗಳ ಲಾಂಛನ ನೋಡಿ ಹಾಳೆ ತುಂಬುತ್ತಿದ್ದ. ಅಲ್ಲಿ ಪ್ರತಿ ಕಾಲೇಜಿನ ತಂಡಕ್ಕೂ ಒಂದು ಪ್ರಾಣಿಯದೋ ಪಕ್ಷಿಯದೋ ಯೋಧನದೋ ಹೆಸರಿರುತ್ತದೆ. ನಿಜವಾಗಿ ಹೊಡೆದಾಟವಾದರೆ ಯಾರು ಗೆಲ್ಲುತ್ತಾರೆ ಎಂಬುದೇ ಕ್ಲೀಟನ ಲೆಕ್ಕ. ಹಕ್ಕಿಯನ್ನು ಪ್ರಾಣಿ ಸೋಲಿಸುತ್ತದೆ. ಪ್ರಾಣಿಯನ್ನು ಕತ್ತಿ ಕೋವಿ ಹಿಡಿದ ಮನುಷ್ಯ ಸೋಲಿಸುತ್ತಾನೆ. ಬಿರುಗಾಳಿಯ ಎದುರು ಯಾರೂ ನಿಲ್ಲರು. ಸೈತಾನನ ಹೆಸರಿಟ್ಟುಕೊಂಡ ತಂಡ ಮೊದಲ ಸುತ್ತಿನಲ್ಲೇ ಸೋಲಬೇಕು, ಇಲ್ಲದಿದ್ದರೆ ಭಾನುವಾರ ಚರ್ಚಿಗೆ ಯಾವ ಮುಖ ಇಟ್ಟುಕೊಂಡು ಹೋಗುವುದು? ಒಂದು ತಂಡಕ್ಕೆ ಬರಿಯ ಬಣ್ಣದ ಹೆಸರು. ಅದನ್ನು ಎಷ್ಟೇ ಬಲಶಾಲಿ ತಂಡ ಎಂದರೂ ಅವನು ಒಪ್ಪುತ್ತಿರಲಿಲ್ಲ. ‘ಬಣ್ಣ ಯಾರನ್ನ ಕಚ್ಚುತ್ತೆ ಹೇಳು? ನಾನು ಜೀವಮಾನ ಪೂರ್ತಿ ಬಳಿದಿದೀನಿ’ ಎನ್ನುತ್ತಿದ್ದ.

ಪ್ರತಿ ವರ್ಷ ಅವನು ಕೊನೆಯಿಂದ ಎರಡನೆಯವನೋ ಮೂರನೆಯವನೋ ಆಗುತ್ತಿದ್ದ. ಅವನು ಇಡುತ್ತಿದ್ದ ಬಾಟಲಿ ನೆಲಮಾಳಿಗೆಯಲ್ಲಿ ಅವನೇ ಮಾಡಿದ ಪರ್ಸಿಮನ್ ಹಣ್ಣಿನ ವೈನ್. ಗೆದ್ದವರಿಗೆ ಅದೊಂದು ದಂಡ. ಹಾರ್ಡ್‌ವೇರ್ ಅಂಗಡಿಯ ಮಾರ್ವಿನ್ ಶ್ನೆಲ್ ಎರಡು ಸಲ ಗೆದ್ದವನು. ಕ್ಲೀಟನ ವೈನಿನಿಂದ ತನ್ನ ಟ್ರ್ಯಾಕ್ಟರಿನ ತುಕ್ಕು ಬಿಟ್ಟಿತೆಂದು ಅವನು ಕ್ಲೀಟನ ಎದುರೇ ಹೇಳುತ್ತಿದ್ದ. ಕ್ಲೀಟ್ ಅದನ್ನು ಮೆಚ್ಚುಗೆಯೆಂದೇ ಎಣಿಸಿ ತಲೆದೂಗುತ್ತಿದ್ದ.

ಆ ವರ್ಷದ ಜನವರಿಯಲ್ಲಿ ಕ್ಲೀಟ್ ಕ್ಷೌರದಂಗಡಿಯ ಕುರ್ಚಿಯಲ್ಲಿ ಕುಳಿತಿದ್ದಾಗ ಅವನ ಎದೆಬಡಿತ ನಿಂತುಹೋಯಿತು. ಆಗ ತಲೆಯ ಒಂದು ಬದಿಯ ಕೂದಲು ಮಾತ್ರ ಕತ್ತರಿಸಿ ಆಗಿತ್ತು. ಮರುದಿನ ಕ್ಷೌರಿಕ ತನ್ನ ಪೆಟ್ಟಿಗೆ ಹಿಡಿದುಕೊಂಡು ಹೆಣ ಇಟ್ಟಿದ್ದಲ್ಲಿಗೆ ಬಂದು ಇನ್ನೊಂದು ಬದಿಯನ್ನೂ ಕತ್ತರಿಸಿ, ಕುತ್ತಿಗೆಗೆ ಪುಡಿ ಹಚ್ಚಿ ಹೋದ. ನಾಡೀನ್ ಬಾಗಿಲಲ್ಲಿ ನಿಂತು ನೋಡಿದಳು. ಎರಡೂ ಬದಿ ಸಮನಾಗಿದೆ ಎಂದು ಮಾತ್ರ ಅವಳಿಗೆ ಅನ್ನಿಸಿತು.

ಅಂದಿನಿಂದ ಅವಳಿಗೆ ಹಾಗೆಯೇ. ಹಲ್ಲಿನ ವೈದ್ಯರು ಸೂಜಿ ಚುಚ್ಚಿದ ಮೇಲೆ ತುಟಿಯನ್ನು ಮುಟ್ಟಿಕೊಂಡರೆ ಬೇರೆ ಯಾರದೋ ತುಟಿ ಮುಟ್ಟಿದಂತೆ ಇರುತ್ತದಲ್ಲ, ಅವಳ ದಿನಗಳೆಲ್ಲ ಹಾಗಿದ್ದವು. ಶವಸಂಸ್ಕಾರಕ್ಕೆ ಬಂದವರು ಅತ್ತರು. ಅವಳು ಅವರಿಗೆ ಕರವಸ್ತ್ರ ಕೊಟ್ಟಳು. ನೆರೆಯವರು ತಂದುಕೊಟ್ಟ ನೂಡಲ್ಸಿನ ಪಾತ್ರೆಗಳು, ಹಂದಿಮಾಂಸದ ಉಂಡೆಗಳು ಫ್ರೀಜರಿನಲ್ಲಿ ಕಲ್ಲಾಗಿ ಕುಳಿತವು. ಒಂದು ವಾರ ಕಳೆದ ಮೇಲೆ ಅಂಗಡಿಗೆ ಹೋದಳು. ಎಂತಹ ಗಟ್ಟಿ ಹೆಂಗಸು ಎಂದು ಜನ ಮೆಚ್ಚಿಕೊಂಡರು. ತಾನು ಗಟ್ಟಿಯಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಆದರೆ ಅದನ್ನು ವಿವರಿಸಲು ಬೇಕಾದ ಆಸಕ್ತಿಯೂ ಇರಲಿಲ್ಲ. ಸಂಜೆ ಮಗಳು ರೋಂಡಾ ಫೋನ್ ಮಾಡುತ್ತಿದ್ದಳು. ಅವಳು ಇವಾನ್ಸ್‌ವಿಲ್‌ನಲ್ಲಿ ದಾದಿ. ಊಟ ಆಯಿತಾ ಎಂದು ಅವಳು ಕೇಳಿದರೆ ಆಗಿರಲಿ ಬಿಡಲಿ ಇವಳು ಆಯಿತು ಎನ್ನುತ್ತಿದ್ದಳು.

ಮಾರ್ಚ್ ಬಂತು. ಯಾವ ಯಾವ ತಂಡಗಳು ಯಾರ ವಿರುದ್ಧ ಎಂದು ಟೀವಿಯಲ್ಲಿ ಪ್ರಕಟಿಸುವ ಭಾನುವಾರ ಸಂಜೆ ನಾಡೀನ್ ಎಂದಿನಂತೆ ಹಾಳೆಗಳನ್ನು ಮುದ್ರಿಸಿದಳು. ಊರಿಗೆ ಇಷ್ಟು, ಮನೆಗೆ ಎರಡು. ತನ್ನ ಹಾಳೆಯನ್ನು ತುಂಬಿದಳು. ಎರಡನೆಯದು ಅಡುಗೆಮನೆಯ ಮೇಜಿನ ಮೇಲೆ, ಕ್ಲೀಟ್ ಕೂರುತ್ತಿದ್ದ ಕಡೆಯಲ್ಲಿ ಬಿದ್ದಿತ್ತು. ಅದನ್ನು ಎತ್ತಿಡಲೆಂದು ಕೈಗೆ ತೆಗೆದುಕೊಂಡವಳು ಕುಳಿತು ಬರೆಯತೊಡಗಿದಳು. ಕರಡಿ, ಗಿಡುಗ: ಕರಡಿ. ಕಾಡುಬೆಕ್ಕು, ಕಡಲುಗಳ್ಳ: ಕಡಲುಗಳ್ಳ. ಬಣ್ಣ, ನಾಯಿ: ನಾಯಿ. ಯೋಚಿಸುವ ಅಗತ್ಯವೇ ಬೀಳಲಿಲ್ಲ. ಜನವರಿಯಿಂದ ಈಚೆಗೆ ಅವಳ ಕೈಯಲ್ಲಿ ಸಲೀಸಾಗಿ ನಡೆದ ಕೆಲಸ ಇದೊಂದೇ. ಮೇಲೆ ಕ್ಲೀಟಸ್ ವೇರ್ ಎಂದು ಹೆಸರನ್ನೂ ಬರೆದಳು. ಈ ಹಾಳೆಯನ್ನು ಪೆಟ್ಟಿಗೆಗೆ ಹಾಕಬೇಕು, ಎಲ್ಲರ ಹಾಳೆ ಚುಚ್ಚುವ ಅಂಗಡಿಯ ಗೋಡೆಯ ಮೇಲೆ ಈ ವರ್ಷವೂ ಕ್ಲೀಟನ ಹೆಸರು ಇರಬೇಕು ಎಂಬ ಒಂದು ಆಸೆ ಅವಳಲ್ಲಿ ಎದ್ದಿತು. ಬಹಳ ದಿನಗಳ ಮೇಲೆ ಅವಳಿಗೆ ಏನಾದರೂ ಬೇಕೆನ್ನಿಸಿದ್ದು ಆಗಲೇ.

ಮೂರನೆಯ ಸುತ್ತಿನ ಒಂದು ಮನೆಗೆ ಬಂದಾಗ ಪೆನ್ನು ನಿಂತಿತು. ಕ್ಲೀಟನ ಲೆಕ್ಕದಂತೆ ಗೆಲ್ಲುತ್ತ ಬಂದ ಎರಡು ತಂಡಗಳು ಅಲ್ಲಿ ಎದುರಾಗಿದ್ದವು. ಮೇಲಿನ ಸಾಲಿನಿಂದ ಬಂದದ್ದು ಹುಲಿ. ಕೆಳಗಿನ ಸಾಲಿನಿಂದ ಬಂದದ್ದೂ ಹುಲಿ. ಎರಡು ಬೇರೆ ಬೇರೆ ಕಾಲೇಜುಗಳು, ಎರಡರದೂ ಅದೇ ಲಾಂಛನ.

ಹುಲಿಗೂ ಹುಲಿಗೂ ಬಿದ್ದರೆ ಕ್ಲೀಟ್ ಏನು ಮಾಡುತ್ತಿದ್ದ? ಹಿಂದೆಯೂ ಹೀಗೆ ಆಗಿರಲೇಬೇಕು. ಅಲ್ಲಿ ನಾಯಿಗಳ ತಂಡಗಳಿಗೆ ಬರವಿಲ್ಲ, ಕಾಡುಬೆಕ್ಕುಗಳಿಗೂ ಇಲ್ಲ. ಆದರೆ ನಾಡೀನ್‌ಗೆ ನೆನಪಾಗಲಿಲ್ಲ. ಹಳೆಯ ಹಾಳೆಗಳನ್ನು ಅವಳು ಇಟ್ಟುಕೊಂಡವಳಲ್ಲ. ಪಂದ್ಯಾವಳಿ ಮುಗಿದ ಮರುದಿನ ರದ್ದಿಗೆ ಹಾಕಿಬಿಡುತ್ತಿದ್ದಳು. ಯಾವುದೋ ಒಂದನ್ನು ಬರೆದುಬಿಡಬಹುದಾಗಿತ್ತು. ಆದರೆ ಒಂದು ಮನೆಯನ್ನು ಅವಳು ಊಹಿಸಿದರೂ ಅದು ಕ್ಲೀಟನ ಹಾಳೆಯಾಗುವುದಿಲ್ಲ, ಅವಳ ಎರಡನೆಯ ಹಾಳೆಯಾಗುತ್ತದೆ. ಒಬ್ಬರಿಗೆ ಒಂದೇ ಹಾಳೆ. ಮನೆ ಖಾಲಿ ಬಿಟ್ಟರೂ ಅದೇ ಗತಿ. ಪಾದ್ರಿಯ ಹಾಳೆಯನ್ನೇ ಹಿಂದಿರುಗಿಸಿದವಳು ಗಂಡನದನ್ನು ಹೇಗೆ ತೆಗೆದುಕೊಂಡಾಳು?

ಸೋಮವಾರ ಅವಳು ಹಾರ್ಡ್‌ವೇರ್ ಅಂಗಡಿಗೆ ಹೋಗಿ ಮಾರ್ವಿನನನ್ನು ಕೇಳಿದಳು. ಮಾರ್ವಿನ್ ಮತ್ತು ಕ್ಲೀಟ್ ಒಂದನೆಯ ತರಗತಿಯಿಂದ ಜೊತೆಗಾರರು. ಮಾರ್ವಿನ್ ಮೊಳೆ ತೂಗುವುದನ್ನು ನಿಲ್ಲಿಸಿ ಹಾಳೆಯನ್ನು ನೋಡಿದ, ಮೇಲಿದ್ದ ಹೆಸರನ್ನು ನೋಡಿದ, ಆಮೇಲೆ ಅವಳ ಮುಖವನ್ನು ನೋಡಿದ.

‘ಬಿಯರ್ ಎಲ್ಲಿ ಚೆನ್ನಾಗಿರುತ್ತೋ ಆ ಊರಿನ ಹುಲಿ’ ಎಂದ. ‘ಅವನು ನಂಗೆ ಒಂದ್ಸಲ ಹಾಗೇ ಹೇಳಿದ್ದ. ಇಲ್ಲಾ, ತಮಾಷೆಗೆ ಅಂದಿದ್ನೋ ಏನೋ.’

‘ತಮಾಷೆಗಾ, ನಿಜಕ್ಕಾ?’

‘ಕ್ಲೀಟ್ ಮುಖ ನೋಡಿ ಅದನ್ನ ಹೇಳೋಕಾಗ್ತಿತ್ತಾ ನಾಡೀನ್? ಹೋಗ್ಲಿ, ಇಲ್ಲಿ ನೋಡು. ಇದ್ರಲ್ಲಿ ಯಾವ ಹುಲಿ ಗೆದ್ರೂ ಮುಂದಿನ ಸುತ್ತಲ್ಲಿ ಬಿರುಗಾಳಿ ಕೈಲಿ ಸಾಯುತ್ತೆ. ಯಾವುದೋ ಒಂದು ಬರಿ. ಯಾರು ಕೇಳ್ತಾರೆ?’

‘ನಾನು ಕೇಳ್ತೀನಿ’ ಎಂದು ನಾಡೀನ್ ಹಾಳೆಯನ್ನು ಮಡಿಚಿಕೊಂಡಳು. ಮಾರ್ವಿನನ ಕಣ್ಣಲ್ಲಿ ನೀರು ಬಂದಿತ್ತು. ಅವನು ಮೊಳೆಗಳ ಕಡೆಗೆ ತಿರುಗಿದ. ಅವಳು ಅದನ್ನು ಕಂಡೂ ಕಾಣದವಳಂತೆ ಹೊರಗೆ ಬಂದಳು. ಹೀಗಾಗುವುದೆಂದು ಗೊತ್ತಿತ್ತು. ಜನ ಕ್ಲೀಟನ ವಿಷಯ ಎತ್ತಿದೊಡನೆ ಅಳುತ್ತಿದ್ದರು, ಆಮೇಲೆ ಇವಳೂ ಅಳುತ್ತಾಳೋ ಎಂದು ನೋಡುತ್ತಿದ್ದರು. ಬಡಿಸಿದ ಊಟವನ್ನು ತಿನ್ನದೆ ಕುಳಿತ ಅತಿಥಿಯಂತೆ ಅವಳಿಗೆ ಸಂಕೋಚವಾಗುತ್ತಿತ್ತು.

ಅಂಗಡಿಯಲ್ಲಿ ಅವಳ ಜೊತೆ ಕೆಲಸ ಮಾಡುವ ಗ್ಲೋರಿಯಾ ಹಾಪ್ಫ್ ಬೇರೆಯೇ ಹೇಳಿದಳು. ಕ್ಲೀಟ್ ನಾಣ್ಯ ಚಿಮ್ಮುವುದನ್ನು ತಾನು ಕಣ್ಣಾರೆ ಕಂಡಿದ್ದೇನೆ ಎಂದಳು. ಎಲ್ಲಿ, ಯಾವಾಗ ಎಂದು ಕೇಳಿದರೆ ಅದು ಕೋಲಾ ಯಂತ್ರದ ಮುಂದೆ ಎಂದು ತಿಳಿಯಿತು. ಕಿತ್ತಳೆಯದೋ ಕರಿಯದೋ ಎಂದು ತೀರ್ಮಾನಿಸಲು. ಹುಲಿಯ ವಿಷಯಕ್ಕೆ ಅದು ಸಾಕ್ಷಿಯಾಗಲಾರದು. ಮಂಗಳವಾರ ಬೆಳಗಿನ ಪೂಜೆ ಮುಗಿದ ಮೇಲೆ ಫಾದರ್ ಲಿಯೋ ಅವರನ್ನೂ ಕೇಳಿದಳು. ಅವರು ಬಹಳ ಹೊತ್ತು ಯೋಚಿಸಿ, ನನಗೆ ಗೊತ್ತಿಲ್ಲಮ್ಮ ಎಂದರು. ಆಮೇಲೆ, ಕ್ಲೀಟ್ ಇನ್ನು ಇಲ್ಲ ಎಂಬುದು ನಿನಗೆ ತಿಳಿದಿದೆ ತಾನೆ ಎಂದು ಮೃದುವಾಗಿ ವಿಚಾರಿಸಿದರು. ‘ತಿಳಿದಿದೆ ಫಾದರ್. ಆಡೋರು ಬದುಕಿರಬೇಕು ಅಂತ ನಿಯಮದಲ್ಲಿಲ್ಲ. ನಾನೇ ಬರೆದಿದ್ದು, ನಂಗೆ ಗೊತ್ತು’ ಎಂದಳು ನಾಡೀನ್. ಅವರು ಒಪ್ಪಿದರು. ಒಪ್ಪದೆ ಏನು ಮಾಡಿಯಾರು?

ಬುಧವಾರದ ವೇಳೆಗೆ ಪೆಟ್ಟಿಗೆ ತುಂಬುತ್ತ ಬಂತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಬಾಟಲಿಗಳು ಸಾಲಾಗಿ ನಿಂತವು. ಕ್ಲೀಟನ ಪರ್ಸಿಮನ್ ವೈನನ್ನೂ ಅವಳು ಅಲ್ಲಿ ತಂದಿಟ್ಟಿದ್ದಳು. ಹಾಳೆ ಮಾತ್ರ ಅವಳ ಚೀಲದಲ್ಲಿಯೇ ಇತ್ತು. ನಾಳೆ ಪಂದ್ಯ ಶುರುವಾಗುವುದರೊಳಗೆ ಆ ಮನೆ ತುಂಬದಿದ್ದರೆ ಹಾಳೆಯನ್ನು ಹರಿದು ಹಾಕುವುದೆಂದು ಅವಳು ನಿಶ್ಚಯಿಸಿಕೊಂಡಳು. ನಿಶ್ಚಯಿಸುವಾಗ ಏನೂ ಅನ್ನಿಸಲಿಲ್ಲ. ಅನ್ನಿಸಲಿಲ್ಲವಲ್ಲ ಎಂಬುದೊಂದು ಮಾತ್ರ ಸ್ವಲ್ಪ ಅನ್ನಿಸಿತು.

ಆ ಸಂಜೆ ಪಾತ್ರೆ ತೊಳೆಯುತ್ತಿದ್ದಾಗ ರೋಂಡಾಳ ಫೋನು ಬಂತು. ನಾಡೀನ್ ಅದನ್ನು ಕಿಟಕಿಯ ಕಟ್ಟೆಯ ಮೇಲೆ ಒರಗಿಸಿ, ದನಿ ಜೋರಾಗಿ ಕೇಳುವಂತೆ ಮಾಡಿ, ತೊಳೆಯುವುದನ್ನು ಮುಂದುವರಿಸಿದಳು. ಹುಲಿಗಳ ವಿಷಯವನ್ನು ಮಗಳಿಗೆ ಅವಳು ಹೇಳಿರಲಿಲ್ಲ. ಹೇಳಿದರೆ ಅವಳೂ ಅತ್ತಾಳು ಎಂದು. ಆದರೆ ಈಗ ಕೇಳಲು ಬೇರೆ ಯಾರೂ ಉಳಿದಿರಲಿಲ್ಲ.

ರೋಂಡಾ ಪೂರ್ತಿ ಕೇಳಿಸಿಕೊಂಡಳು. ಆಮೇಲೆ, ‘ಅಮ್ಮ, ನೀನು ತಮಾಷೆ ಮಾಡ್ತಿದೀಯಾ?’ ಎಂದಳು.

‘ಯಾಕೆ?’

‘ಅಪ್ಪ ನಿನ್ನನ್ನೇ ಕೇಳ್ತಿದ್ದ.’

ನಾಡೀನಳ ಕೈ ನೀರಿನಲ್ಲಿಯೇ ನಿಂತಿತು.

‘ಒಂದೇ ಪ್ರಾಣಿ ಎರಡು ಕಡೆ ಬಂದ್ರೆ ಪೆನ್ನು ಕಿವೀಲಿಟ್ಕೊಂಡು, ಮೇಲಿನದಾ ಕೆಳಗಿನದಾ, ನಾಡೀನ್, ಅಂತಿದ್ದ. ನೀನು ಸಿಂಕ್ ಹತ್ರ ಬೆನ್ನು ಮಾಡಿ ನಿಂತಿರ್ತಿದ್ದೆ. ತಿರುಗಿ ಕೂಡ ನೋಡ್ತಿರ್ಲಿಲ್ಲ. ಏನೋ ಒಂದು ಅಂದ್ಬಿಡ್ತಿದ್ದೆ. ಅವನು ಅದನ್ನೇ ಬರ್ಕೊಳ್ತಿದ್ದ.’

‘ನಾನಾ?’

‘ನೀನೇ. ಒಂದ್ಸಲ, ನಂಗೇನು ಗೊತ್ತು, ಆ ಕಸದ ಡಬ್ಬಿ ಕೆಳಗಿಟ್ಟು ಬಾ ಅಂತ ರೇಗಿದ್ದೆ. ಅಪ್ಪ ಕೆಳಗಿನದು ಅಂತ ಬರೆದ, ಆಮೇಲೆ ಎದ್ದು ಡಬ್ಬೀನೂ ಕೆಳಗಿಟ್ಟು ಬಂದ. ನಾನು ಮೇಜಿನ ಮೇಲೆ ಗಣಿತ ಮಾಡ್ತಾ ಕೂತಿದ್ದೆ. ನಗು ತಡ್ಕೊಳಕ್ಕಾಗ್ದೆ ನಿನ್ನ ಕೈಲಿ ನಾನೂ ಬೈಸ್ಕೊಂಡೆ.’

ನಾಡೀನ್ ನೆನಪಿಸಿಕೊಳ್ಳಲು ನೋಡಿದಳು. ಸಿಂಕು ನೆನಪಾಯಿತು. ಕಿಟಕಿಯ ಆಚೆ ನೆರೆಯವರ ಬೆಳಕು ನೆನಪಾಯಿತು. ಬೆನ್ನ ಹಿಂದೆ ಕುರ್ಚಿ ಕಿರುಗುಟ್ಟುತ್ತಿದ್ದದ್ದೂ ನೆನಪಾಯಿತು. ಆದರೆ ಆ ಪ್ರಶ್ನೆ ಒಂದು ಸಲವೂ ಕಿವಿಯಲ್ಲಿ ಉಳಿದಿರಲಿಲ್ಲ. ಮನೆಯಲ್ಲಿ ಫ್ರಿಜ್ಜಿನ ಸದ್ದು ಹೇಗೋ ಹಾಗೆ ಅದು ಅವಳಿಗೆ ಕೇಳುತ್ತಲೇ ಇದ್ದು ಕೇಳದೆ ಹೋಗಿತ್ತು. ಅಷ್ಟು ವರ್ಷ ಅವನು ಕೇಳಿದ್ದ, ಅಷ್ಟು ವರ್ಷ ಅವಳು ಉತ್ತರ ಕೊಟ್ಟಿದ್ದಳು. ಯಾವುದಕ್ಕೆ ಉತ್ತರವೆಂದು ಅವಳಿಗೆ ತಿಳಿದಿರಲಿಲ್ಲ.

‘ಅಮ್ಮ? ಇದೀಯಾ?’

‘ಇದೀನಿ.’ ಅವಳು ಇನ್ನೊಂದು ತಟ್ಟೆಯನ್ನು ಕೈಗೆತ್ತಿಕೊಂಡಳು. ‘ಈಗ ನೀನು ಕೇಳು.’

‘ಏನನ್ನ?’

‘ಅವನು ಕೇಳ್ತಿದ್ದ ಹಾಗೇ ಕೇಳು. ನಾನು ಪಾತ್ರೆ ತೊಳೀತಾ ಇದೀನಿ.’

ರೋಂಡಾ ಗಂಟಲು ಸರಿಮಾಡಿಕೊಂಡು, ‘ಮೇಲಿನದಾ ಕೆಳಗಿನದಾ, ನಾಡೀನ್?’ ಎಂದಳು.

‘ಮೇಲಿನದು’ ಎಂದಳು ನಾಡೀನ್, ತಟ್ಟೆಯ ಅಂಚನ್ನು ಉಜ್ಜುತ್ತ.

ಕೈ ಒರೆಸಿಕೊಂಡು, ಮೇಜಿನ ಬಳಿ ನಿಂತೇ, ಖಾಲಿ ಇದ್ದ ಮನೆಯಲ್ಲಿ ಅದನ್ನು ಬರೆದಳು. ಮುಂದಿನ ಮನೆಯಲ್ಲಿ ಬಿರುಗಾಳಿ. ಹಾಳೆ ತುಂಬಿತು. ಏನೋ ಆದೀತು ಎಂದು ಅವಳು ಸ್ವಲ್ಪ ಹೊತ್ತು ಅಲ್ಲಿಯೇ ನಿಂತಿದ್ದಳು. ಏನೂ ಆಗಲಿಲ್ಲ. ಅಡುಗೆಮನೆಯ ದೀಪ ಆರಿಸಿ ಮಲಗಿದಳು.

ಗುರುವಾರ ಹೊತ್ತು ಏರುವಾಗ ಪಂಥ ಕಟ್ಟಿದವರಲ್ಲಿ ಹಲವರು ಕನ್ನಡಕದ ಅಂಗಡಿಯಲ್ಲಿ ಸೇರಿದ್ದರು. ಪೆಟ್ಟಿಗೆ ತೆರೆಯುವುದನ್ನು ನೋಡುವುದು ಅಲ್ಲಿನ ರೂಢಿ. ನಾಡೀನ್ ಒಂದೊಂದೇ ಹಾಳೆಯ ಹೆಸರು ಓದಿ, ಮನೆಗಳೆಲ್ಲ ತುಂಬಿವೆಯೇ ಎಂದು ನೋಡಿ, ಗೋಡೆಗೆ ಚುಚ್ಚುತ್ತ ಬಂದಳು. ಕ್ಲೀಟಸ್ ವೇರ್ ಎಂದು ಓದಿದಾಗ ಎಲ್ಲರೂ ತಮ್ಮ ತಮ್ಮ ಬೂಟುಗಳನ್ನು ನೋಡಿಕೊಂಡರು. ಮಾರ್ವಿನ್ ಒಬ್ಬನೇ ಮುಂದೆ ಬಂದು, ಹಣೆಯ ಮೇಲಿದ್ದ ಕನ್ನಡಕ ಇಳಿಸಿ, ಆ ಮೂರನೆಯ ಸುತ್ತಿನ ಮನೆಯ ಮೇಲೆ ಬೆರಳಿಟ್ಟ.

‘ಇದು ಯಾರು ಬರೆದಿದ್ದು?’

ಗ್ಲೋರಿಯಾ ಅವನ ತೋಳು ಹಿಡಿದು ಎಳೆದಳು. ನಾಡೀನ್ ಅವಳನ್ನು ತಡೆದಳು. ಕೇಳಬೇಕಾದ ಪ್ರಶ್ನೆಯೇ ಅದು. ಬೇರೆಯವರ ಹಾಳೆಯಾಗಿದ್ದರೆ ಅವಳೇ ಕೇಳುತ್ತಿದ್ದಳು. ರೋಂಡಾ ಹೇಳಿದ್ದನ್ನೆಲ್ಲ ಅವಳು ಏರಿಳಿತವಿಲ್ಲದ ದನಿಯಲ್ಲಿ, ಕನ್ನಡಕದ ನಂಬರು ಓದಿ ಹೇಳುವಂತೆ, ಹೇಳಿ ಮುಗಿಸಿದಳು. ಕಸದ ಡಬ್ಬಿಯ ಪ್ರಸಂಗವನ್ನೂ ಬಿಡಲಿಲ್ಲ.

ಮಾರ್ವಿನ್ ಕನ್ನಡಕವನ್ನು ಮತ್ತೆ ಹಣೆಗೇರಿಸಿದ. ‘ಹಾಗಾದ್ರೆ ಇಷ್ಟು ವರ್ಷ ಅವನ ಹಾಳೇಲಿ ನೀನೂ ಆಡ್ತಿದ್ದೆ ಅನ್ನು’ ಎಂದ. ‘ಒಬ್ರಿಗೆ ಒಂದೇ ಹಾಳೆ ಅಂತ ನಮ್ಮನ್ನೆಲ್ಲ ಕುಣಿಸಿದವಳು ನೀನು. ನಿನ್ನದು ಮಾತ್ರ ಒಂದೂಕಾಲು.’

ಯಾರೋ ಹಿಂದಿನಿಂದ ಪುಸಕ್ಕನೆ ನಕ್ಕರು. ನಾಡೀನ್ ನಗಲಿಲ್ಲ. ಅವಳು ಅದನ್ನು ನಿಜವಾಗಿಯೇ ಯೋಚಿಸುತ್ತಿದ್ದಳು. ತನ್ನ ನಿಯಮವನ್ನು ಮೊದಲಿನಿಂದ ಮುರಿಯುತ್ತ ಬಂದವಳು ತಾನೇ ಎಂಬುದು ಅವಳಿಗೆ ಹೊಳೆದಿರಲಿಲ್ಲ. ‘ಹೌದು’ ಎಂದಳು. ‘ನೀನು ಹೇಳೋದು ಸರಿ ಮಾರ್ವಿನ್. ಹಾಗಾದ್ರೆ ಎರಡನ್ನೂ ತೆಗೀಬೇಕಾಗುತ್ತೆ, ಅವನದೂ, ನಂದೂ.’ ಹಾಗೆಂದವಳು ಗೋಡೆಯ ಪಿನ್ನಿಗೆ ಕೈ ಹಾಕಿಯೇಬಿಟ್ಟಳು.

ಈಗ ಮಾರ್ವಿನನಿಗೆ ಗಾಬರಿಯಾಯಿತು. ಅವನು ಆಡಿದ್ದು ತಮಾಷೆಗೆ. ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಒಬ್ಬರು ತಮ್ಮ ಹೆಂಡತಿಯನ್ನು ಕೇಳದೆ ತಾವು ಒಂದು ಮನೆಯನ್ನೂ ತುಂಬಿದ್ದಿಲ್ಲ ಎಂದರು. ಗ್ಲೋರಿಯಾ ತನ್ನ ತಮ್ಮನನ್ನು ಕೇಳಿದ್ದೆ ಎಂದು ಒಪ್ಪಿಕೊಂಡಳು. ಕೊನೆಗೆ ಫಾದರ್ ಲಿಯೋ ಕೈಯೆತ್ತಿ, ಕೇಳುವುದನ್ನು ಯಾವ ನಿಯಮವೂ ತಡೆದಿಲ್ಲ, ಬರೆದವನು ಒಬ್ಬನಾದರೆ ಸಾಕು, ಕ್ಲೀಟ್ ಬರೆಯುವ ಬಗೆ ಇದೇ ಆಗಿದ್ದರೆ ಇದು ಕ್ಲೀಟನ ಹಾಳೆಯೇ ಎಂದರು. ‘ತಪ್ಪಾಗಿದ್ದರೆ ಅದು ನನ್ನ ಇಲಾಖೆಗೆ ಬರುತ್ತೆ. ನಾನು ನೋಡ್ಕೋತೀನಿ’ ಎಂದು ಸೇರಿಸಿದರು.

ನಾಡೀನ್ ಪಿನ್ನನ್ನು ಬಿಟ್ಟಳು. ಕ್ಲೀಟನ ಹೆಸರು ಗೋಡೆಯ ಮೇಲೆ ಉಳಿಯಿತು. ಅವಳು ಬಯಸಿದ್ದು ಅಷ್ಟೇ. ಆದರೂ ಸಂತೋಷವೆಂಬುದು ಎಲ್ಲೂ ತಾಗಲಿಲ್ಲ. ಗಿರಾಕಿಯೊಬ್ಬರು ಬಹಳ ಹೊತ್ತಿನಿಂದ ಕಾಯುತ್ತಿದ್ದರು. ಅವರ ಕನ್ನಡಕದ ತಿರುಪು ಬಿಗಿಮಾಡಲು ಅವಳು ಒಳಗೆ ಹೋದಳು.

ಶುಕ್ರವಾರ ಮಾಂಸ ಬಿಟ್ಟು ಮೀನು ಮಾತ್ರ ತಿನ್ನುವ ವ್ರತದ ದಿನವಾದ್ದರಿಂದ ಚರ್ಚಿನ ಸಭಾಂಗಣದಲ್ಲಿ ಮೀನೂಟ. ಊರಿಗೆ ಊರೇ ಅಲ್ಲಿಗೆ ಬರುತ್ತದೆ. ಒಂದು ಬದಿಯಲ್ಲಿ ಮೀನು ಕರಿಯುವವರು, ಇನ್ನೊಂದು ಬದಿಯಲ್ಲಿ ಆಲೂಗಡ್ಡೆ, ಆಮೇಲೆ ಎಲೆಕೋಸಿನ ಕೋಸಂಬರಿ. ಕೋಸಂಬರಿ ಬಡಿಸುವುದು ನಾಡೀನಳ ಪಾಳಿ. ಮೂಲೆಯಲ್ಲಿ ಚಕ್ರದ ಮೇಜಿನ ಮೇಲೆ ಟೀವಿ. ಅದರಲ್ಲಿ ಮೇಲಿನ ಹುಲಿಗಳು ಆಡುತ್ತಿದ್ದವು. ಎದುರಾಳಿಗಳ ಲಾಂಛನ ಬಾತುಕೋಳಿ.

ಮೊದಮೊದಲು ಅವಳು ಅತ್ತ ನೋಡಲಿಲ್ಲ. ತಟ್ಟೆ ಬಂದಂತೆ ಒಂದೊಂದು ಸೌಟು ಹಾಕುತ್ತಿದ್ದಳು. ಆಟದ ಕೊನೆಯ ಭಾಗಕ್ಕೆ ಬಂದಾಗ ಹುಲಿಗಳು ಸ್ವಲ್ಪದರಲ್ಲಿ ಹಿಂದಿದ್ದವು. ಒಬ್ಬ ಉದ್ದನೆಯ ಹುಡುಗ ಯಾರೂ ಅಡ್ಡ ಬರದ ಎಸೆತಕ್ಕೆ ನಿಂತ. ಚೆಂಡು ಬಳೆಗೆ ಬಡಿದು ಹೊರಗೆ ಬಿತ್ತು. ಎರಡನೆಯದೂ ಹಾಗೆಯೇ. ಮತ್ತೆ ಅವನಿಗೇ ಅವಕಾಶ ಸಿಕ್ಕಿತು. ಈ ಸಲ ಚೆಂಡು ಬಳೆಯನ್ನೂ ಮುಟ್ಟಲಿಲ್ಲ.

‘ಕಣ್ಣು ಕಾಣಲ್ವೇನೋ ನಿಂಗೆ?’ ಎಂದಳು ನಾಡೀನ್.

ಸೌಟು ಪಾತ್ರೆಗೆ ಬಡಿದು ಕೋಸು ಮೇಜಿನ ಮೇಲೆಲ್ಲ ಚೆಲ್ಲಿತು. ಸಾಲಿನಲ್ಲಿದ್ದವರು ತಿರುಗಿ ನೋಡಿದರು. ಮೀನಿನ ತಟ್ಟೆ ಹಿಡಿದು ನಿಂತಿದ್ದ ಮಾರ್ವಿನ್, ‘ಬಾತುಕೋಳಿ ನಿನ್ನ ಹುಲೀನ ತಿಂದ್ಹಾಕ್ತು ನಾಡೀನ್’ ಎಂದ. ಆಟ ಮುಗಿದ ಗಂಟೆ ಹೊಡೆಯಿತು. ಮೇಲಿನ ಹುಲಿ ಮೊದಲ ಪಂದ್ಯದಲ್ಲಿಯೇ ಮನೆಗೆ ಹೋಯಿತು. ಅದರ ಬೆನ್ನಿಗೇ ಇನ್ನೊಂದು ಊರಿನಿಂದ ಸುದ್ದಿ ತೋರಿಸಿದರು: ಕೆಳಗಿನ ಹುಲಿ ಎದುರಾಳಿಯನ್ನು ಚಿಂದಿ ಮಾಡಿ ಗೆದ್ದಿತ್ತು.

ನಾಡೀನ್ ಸೌಟು ಬಿಟ್ಟು, ಏಪ್ರನ್ನನ್ನೂ ಬಿಚ್ಚದೆ ಹೊರಗೆ ನಡೆದಳು. ಕಾರಿನಲ್ಲಿ ಕುಳಿತು ಬಾಗಿಲು ಹಾಕಿಕೊಂಡು ರೋಂಡಾಳಿಗೆ ಫೋನ್ ಮಾಡಿದಳು.

‘ಕೆಳಗಿನದು ಅನ್ಬೇಕಿತ್ತು ನಾನು.’

‘ಇರ್ಲಿ ಬಿಡಮ್ಮ, ಆಟ ತಾನೆ.’

‘ಏನಿರ್ಲಿ? ನನ್ನನ್ನ ಯಾಕೆ ಕೇಳ್ಬೇಕಿತ್ತು ಅವನು? ಅಷ್ಟು ವರ್ಷ ಕರಡಿ, ನಾಯಿ, ಬಿರುಗಾಳಿ ಅಂತ ಎಲ್ಲಾನೂ ಅವನೇ ತೀರ್ಮಾನ ಮಾಡ್ದ, ಕಷ್ಟದ್ದು ಬಂದಾಗ ಮಾತ್ರ ನನ್ನ ಬೆನ್ನಿಗೆ ಕೇಳೋದು. ಬೆನ್ನಿಗೆ, ರೋಂಡಾ. ಎದ್ದು ಬಂದು ಮುಖ ನೋಡಿ ಕೇಳಿದ್ರೆ ಏನಾಗ್ತಿತ್ತು? ನಾನು ತಿರುಗಿ ನೋಡ್ತಿದ್ನಲ್ಲ. ಯಾವ ಹುಲಿ ಅಂತ ಸರಿಯಾಗಿ ಯೋಚ್ನೆ ಮಾಡಿ ಹೇಳ್ತಿದ್ನಲ್ಲ. ಒಂದ್ಸಲನಾದ್ರೂ ಹೇಳಿದ್ನಾ, ನೀನು ಹೇಳಿದ್ದನ್ನೇ ಬರೀತೀನಿ ಅಂತ? ಸುಮ್ನೆ ಕೂತು ಬರ್ಕೊಂಡ. ಪ್ರತಿ ವರ್ಷ ಸೋತ. ಒಂದಿನ ಬೈಲೂ ಇಲ್ಲ ನನ್ನ.’

ಅವಳ ದನಿ ಏರುತ್ತ ಹೋಯಿತು.

ಗ್ಲೋರಿಯಾ ಹೊರಗೆ ಬಂದು ಕಾರಿನ ಗಾಜನ್ನು ಬೆರಳಿನಿಂದ ತಟ್ಟಿದಳು. ಒಳಗೆ ಕೋಸಂಬರಿಗೆ ಸಾಲು ಬಾಗಿಲ ತನಕ ಬಂದಿತ್ತು. ನಾಡೀನ್ ಅವಳ ಕಡೆಗೆ ನೋಡದೆ ಒಂದು ಕೈ ಎತ್ತಿ, ತಡಿ ಎಂದು ಸನ್ನೆ ಮಾಡಿ, ಗಂಡನನ್ನು ಬೈಯುವುದನ್ನು ಮುಂದುವರಿಸಿದಳು.